ಆಸ್ಪತ್ರೆಯಲ್ಲಿ ನಿದ್ದೆ: ಔಷಧಿಯಷ್ಟೇ ಮುಖ್ಯವಾದ ಶುಶ್ರೂಷೆ

ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದವರನ್ನು ಕೇಳಿ ನೋಡಿ. ಇಂಜೆಕ್ಷನ್ನಿನ ನೋವು, ಗಂಜಿಯ ಸಪ್ಪೆ ರುಚಿ ಇವೆಲ್ಲಕ್ಕಿಂತ ಮೊದಲು ಬರುವ ಮಾತು, "ಅಲ್ಲಿ ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಬರಲಿಲ್ಲ" ಎಂಬುದು. ಕೇಳಿದವರು "ಹೊಸ ಜಾಗ ಅಲ್ಲವೇ, ಹಾಗೆಯೇ" ಎಂದು ಸುಮ್ಮನಾಗುತ್ತಾರೆ. ನಿದ್ದೆಗೇಡನ್ನು ನಾವು ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಆದರೆ ನಿದ್ದೆ ಕೆಟ್ಟ ರೋಗಿಯ ಗಾಯ ನಿಧಾನವಾಗಿ ಮಾಯುತ್ತದೆ, ನೋವು ಹೆಚ್ಚು ಅನಿಸುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬರಲು ಸತಾಯಿಸುತ್ತದೆ. ವಯಸ್ಸಾದವರಲ್ಲಂತೂ ಕೆಲವೊಮ್ಮೆ ಬುದ್ಧಿಯೇ ಸ್ಥಿಮಿತ ತಪ್ಪುತ್ತದೆ. ಆದುದರಿಂದ ರೋಗಿಯ ರಾತ್ರಿಯನ್ನು ಕಾಪಾಡುವುದು ಶುಶ್ರೂಷೆಯ ಒಂದು ಭಾಗ. ಅದರಲ್ಲಿ ಅರ್ಧ ಕೆಲಸ ನರ್ಸ್‌ನದ್ದು, ಉಳಿದರ್ಧ ಜತೆಗೆ ಉಳಿದುಕೊಳ್ಳುವ ನಿಮ್ಮದು.

2017ರಲ್ಲಿ ನೆದರ್‌ಲ್ಯಾಂಡ್ಸ್‌ನ 39 ಆಸ್ಪತ್ರೆಗಳಲ್ಲಿ ದಾಖಲಾಗಿದ್ದ 2,005 ರೋಗಿಗಳನ್ನು ಒಂದೇ ದಿನ ಅವರ ಹಿಂದಿನ ರಾತ್ರಿಯ ನಿದ್ದೆಯ ಬಗ್ಗೆ ಕೇಳಲಾಯಿತು. ಮನೆಯಲ್ಲಿ ಮಲಗುತ್ತಿದ್ದುದಕ್ಕಿಂತ ಸರಾಸರಿ 83 ನಿಮಿಷ ಕಡಿಮೆ ನಿದ್ದೆ ಅವರಿಗೆ ಸಿಕ್ಕಿತ್ತು. ಬೆಳಿಗ್ಗೆ ಎಚ್ಚರವಾದದ್ದೂ 44 ನಿಮಿಷ ಮುಂಚೆ. ಅವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿಯನ್ನು ಎಬ್ಬಿಸಿದ್ದು ಆಸ್ಪತ್ರೆಯ ಸಿಬ್ಬಂದಿಯೇ. ಶಿಸ್ತಿಗೆ ಹೆಸರಾದ ದೇಶದ ಪರಿಸ್ಥಿತಿ ಇದು. ನಮ್ಮ ಜನರಲ್ ವಾರ್ಡ್‌ಗಳಲ್ಲಿ ಪಕ್ಕದ ಹಾಸಿಗೆಯ ಕೆಮ್ಮು, ಕಿರುಗುಟ್ಟುವ ಫ್ಯಾನ್, ಸೊಳ್ಳೆ, ರಾತ್ರಿ ಹನ್ನೊಂದಕ್ಕೂ ಜೋರಾಗಿ ಕೇಳಿಸುವ ಮೊಬೈಲ್ ವಿಡಿಯೋ, ಇವನ್ನೂ ಸೇರಿಸಿಕೊಳ್ಳಬೇಕು.

ನಿದ್ದೆ ಎಂಬುದು ಒಂದೇ ಸಮನೆ ಹರಿಯುವುದಿಲ್ಲ. ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಹೀಗೆ ಒಂದು ಸುತ್ತು ಮುಗಿಯಲು ಸುಮಾರು 90 ನಿಮಿಷ ಬೇಕು. ಒಂದು ರಾತ್ರಿಯಲ್ಲಿ ಇಂತಹ ನಾಲ್ಕೈದು ಸುತ್ತುಗಳು ನಡೆಯುತ್ತವೆ. ದೇಹದ ದುರಸ್ತಿಗೆ ಬೇಕಾದ ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲರ್ಧದಲ್ಲಿ ಬರುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಆಗಲೇ. ಹತ್ತೂವರೆಗೆ ಕಣ್ಣು ಮುಚ್ಚಿದ ರೋಗಿಯನ್ನು ಹನ್ನೊಂದೂಕಾಲಿಗೆ ಬಿಪಿ ನೋಡಲು, ಹನ್ನೆರಡಕ್ಕೆ ಇಂಜೆಕ್ಷನ್ ಕೊಡಲು, ಒಂದೂವರೆಗೆ ಗ್ಲೂಕೋಸ್ ಬಾಟಲಿ ಬದಲಿಸಲು ಎಬ್ಬಿಸಿದರೆ ಅವರು ಪ್ರತಿಸಲವೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಗಂಟೆ ಎಣಿಸಿದರೆ ಆರು ಗಂಟೆ ಮಲಗಿದಂತೆ ಕಂಡೀತು. ದೇಹಕ್ಕೆ ಸಿಕ್ಕಿದ್ದು ಬರೀ ತೂಕಡಿಕೆ.

ಸದ್ದು ಮತ್ತು ಬೆಳಕು

ವಾರ್ಡಿನೊಳಗೆ ರಾತ್ರಿ ಸದ್ದಿನ ಮಟ್ಟ ಸರಾಸರಿ 30 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಮಾರ್ಗಸೂಚಿ ನೀಡಿದೆ. ಮೆಲುದನಿಯ ಪಿಸುಮಾತಿನಷ್ಟು ಅದು. ಮಾಮೂಲಿ ಮಾತುಕತೆಯೇ 60ರ ಹತ್ತಿರ ಇರುತ್ತದೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆಯ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿಯ ಮಿತಿ 40 ಡೆಸಿಬೆಲ್. ಹೊರಗೆ ಹಾರ್ನ್ ಹಾಕುವವರ ಬಗ್ಗೆ ನಾವು ಸಿಟ್ಟಾಗುತ್ತೇವೆ, ಒಳಗೆ ನಮ್ಮದೇ ಫೋನ್ ರಿಂಗಾದಾಗ ಮರೆತುಬಿಡುತ್ತೇವೆ.

ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ನೂರೈವತ್ತು ವರ್ಷಗಳಿಗೂ ಹಿಂದೆ ಬರೆದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ಸದ್ದಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಜೋರು ಸದ್ದಿಗಿಂತ ಅನಗತ್ಯ ಸದ್ದು ರೋಗಿಯನ್ನು ಹೆಚ್ಚು ಹಿಂಸಿಸುತ್ತದೆ ಎಂಬುದು ಅವರ ಅನುಭವ. ಬಾಗಿಲ ಹೊರಗೆ ನಿಂತು ವೈದ್ಯರೂ ಮನೆಯವರೂ ಗುಸುಗುಸು ಮಾತಾಡುವುದನ್ನು ಅವರು ಕಟುವಾಗಿ ಖಂಡಿಸಿದ್ದರು. ಇದು ಇಂದಿಗೂ ಸತ್ಯ. "ರಿಪೋರ್ಟ್ ಏನು ಬಂತಂತೆ?" ಎಂದು ಹಾಸಿಗೆಯ ಕಾಲ ಬಳಿ ನಿಂತು ಇಬ್ಬರು ಪಿಸುಗುಟ್ಟಿದರೆ, ನಿದ್ದೆ ಬಂದವರಂತೆ ಮಲಗಿರುವ ರೋಗಿಯ ಕಿವಿ ಅಲ್ಲಿಯೇ ಇರುತ್ತದೆ. ಅರ್ಧ ಕೇಳಿಸಿದ ಮಾತಿಗೆ ಉಳಿದರ್ಧವನ್ನು ಭಯವೇ ತುಂಬಿಸುತ್ತದೆ. ಹೇಳುವುದಿದ್ದರೆ ಎದುರಿಗೇ ಹೇಳಿ, ಇಲ್ಲವಾದರೆ ದೂರ ಹೋಗಿ ಮಾತಾಡಿ.

ಬೆಳಕಿನ ವಿಷಯ ಸರಳ. ಕತ್ತಲಾದಾಗ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ಅದು ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಅದು ಏರುವುದಿಲ್ಲ. ಹತ್ತು ಗಂಟೆಗೆ ದೊಡ್ಡ ದೀಪ ಆರಿಸಲು ಕೇಳಿ. ವಾರ್ಡಿನಲ್ಲಿ ಅದು ಸಾಧ್ಯವಿಲ್ಲದಿದ್ದರೆ ತೆಳ್ಳಗಿನ, ಕಪ್ಪು ಬಣ್ಣದ ಹತ್ತಿ ಬಟ್ಟೆಯನ್ನು ಮಡಚಿ ಕಣ್ಣಿನ ಮೇಲೆ ಹಾಕಿದರೂ ಆಯಿತು. ಔಷಧದಂಗಡಿಯಲ್ಲಿ ಸಿಗುವ ಕಣ್ಣುಪಟ್ಟಿ, ಕಿವಿಗೆ ಇಡುವ ಮೆತ್ತನೆಯ ಬಿರಡೆ ಇವುಗಳಿಂದ ಹಲವರಿಗೆ ಪ್ರಯೋಜನವಾಗಿದೆ. ಖರ್ಚೂ ಕಡಿಮೆ. ಗೊಂದಲದಲ್ಲಿರುವ ವೃದ್ಧರಿಗೆ ಮಾತ್ರ ಇವನ್ನು ಹಾಕಬೇಡಿ, ಎಚ್ಚರವಾದಾಗ ಕಣ್ಣೂ ಕಾಣದೆ ಕಿವಿಯೂ ಕೇಳದೆ ಇನ್ನಷ್ಟು ಗಾಬರಿಯಾಗುತ್ತಾರೆ.

ಮಲಗುವ ಮುನ್ನದ ಒಂದು ಗಂಟೆ

ಒಳ್ಳೆಯ ನರ್ಸ್‌ಗಳು ರಾತ್ರಿಯ ಪಾಳಿಗೆ ಬಂದ ಕೂಡಲೇ ಮಾಡುವ ಕೆಲಸವೊಂದಿದೆ. ಬಿಪಿ, ಜ್ವರ, ನಾಡಿ ನೋಡುವುದು, ಹತ್ತು ಗಂಟೆಯ ಇಂಜೆಕ್ಷನ್ ಕೊಡುವುದು, ಮುಗಿಯಲು ಬಂದಿರುವ ಬಾಟಲಿ ಬದಲಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಒದ್ದೆಯಾದ ಬಟ್ಟೆ ಅಥವಾ ಡೈಪರ್ ಬದಲಿಸುವುದು, ಮಗ್ಗುಲು ಹೊರಳಿಸುವುದು, ಇವೆಲ್ಲವನ್ನೂ ಒಂದೇ ಭೇಟಿಯಲ್ಲಿ ಮುಗಿಸಿ, ಆಮೇಲೆ ಆದಷ್ಟು ಹೊತ್ತು ರೋಗಿಯನ್ನು ಮುಟ್ಟದಿರುವುದು. ಬಿಡಿಬಿಡಿಯಾಗಿ ಐದು ಸಲ ಬರುವ ಬದಲು ಎರಡು ಸಲ ಬಂದರೆ ರೋಗಿಗೆ ಎರಡು ಮೂರು ಪೂರ್ಣ ಸುತ್ತಿನ ನಿದ್ದೆ ಸಿಗುತ್ತದೆ. ನಿದ್ದೆಯ ಶುಶ್ರೂಷೆಯಲ್ಲಿ ಇದರಷ್ಟು ಫಲ ಕೊಡುವ ಕ್ರಮ ಇನ್ನೊಂದಿಲ್ಲ ಎನ್ನಬಹುದು.

ಇದರಲ್ಲಿ ನೀವು ಮಾಡಬಹುದಾದದ್ದು ಸಾಕಷ್ಟಿದೆ. ಇಡೀ ವಾರ್ಡಿಗೆ ರಾತ್ರಿ ಒಬ್ಬರೋ ಇಬ್ಬರೋ ನರ್ಸ್ ಇರುವಾಗ ಅವರ ಮೇಲೆ ರೇಗಿ ಪ್ರಯೋಜನವಿಲ್ಲ. ಒಂಬತ್ತೂವರೆಗೆ ಹೋಗಿ, "ಸಿಸ್ಟರ್, ಉಮ್ಮನಿಗೆ ಹತ್ತರ ನಂತರ ಇನ್ನೇನಾದರೂ ಕೊಡಲಿಕ್ಕೆ ಇದೆಯೇ? ಎಲ್ಲ ಒಟ್ಟಿಗೆ ಮುಗಿಸಬಹುದೇ?" ಎಂದು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ಅವರಿಗೂ ಓಡಾಟ ಕಡಿಮೆಯಾಗುತ್ತದೆ. ಬೆಳಿಗ್ಗೆ ಐದಕ್ಕೆ ತೆಗೆಯುವ ರಕ್ತದ ಮಾದರಿಯನ್ನು ಆರಕ್ಕೆ ತೆಗೆಯಬಹುದೇ ಎಂದೂ ಕೇಳಬಹುದು.

ಔಷಧಿಯ ವೇಳೆಯನ್ನು ಮಾತ್ರ ವೈದ್ಯರೇ ಬದಲಿಸಬೇಕು. ಬೆಳಗಿನ ರೌಂಡ್ಸ್ ಹೊತ್ತಿಗೆ ಕೇಳಿದರೆ ಆಗುವಂಥದ್ದು ಇದು. ಮೂತ್ರ ಹೋಗಿಸುವ ಮಾತ್ರೆಯನ್ನು ಸಂಜೆ ತಡವಾಗಿ ಕೊಟ್ಟರೆ ರಾತ್ರಿಯಿಡೀ ಏಳಬೇಕಾಗುತ್ತದೆ. ಸ್ಟಿರಾಯ್ಡ್ ಮಾತ್ರೆ ರಾತ್ರಿ ತೆಗೆದುಕೊಂಡರೆ ಕಣ್ಣು ಮುಚ್ಚುವುದೇ ಇಲ್ಲ, ಸಾಮಾನ್ಯವಾಗಿ ಅದನ್ನು ಬೆಳಿಗ್ಗೆ ಕೊಡುವುದು ಇದೇ ಕಾರಣಕ್ಕೆ. ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಆರು ಗಂಟೆಗೊಮ್ಮೆ ಕೊಡಲೇಬೇಕು, ಕೆಲವನ್ನು ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು ಎಂದು ಹೊಂದಿಸಬಹುದು. ಯಾವುದು ಯಾವುದೆಂದು ಅವರೇ ಹೇಳಬೇಕು.

ರೋಗಿಯನ್ನು ಮಲಗಿಸುವ ಮೊದಲು ಮುಖ, ಕೈಕಾಲು ಒರೆಸಿ. ಬಾಯಿ ಮುಕ್ಕಳಿಸಲು ಬೆಚ್ಚಗಿನ ನೀರು ಕೊಡಿ, ಕಟ್ಟಿಸಿದ ಹಲ್ಲಿದ್ದರೆ ತೆಗೆದು ನೀರಿನಲ್ಲಿಡಿ. ಹಾಸಿಗೆಯ ಬಟ್ಟೆಯ ಸುಕ್ಕು ಎಳೆಯಿರಿ. ರೋಗಿಗೆ ಆ ಒಂದು ಸುಕ್ಕು ಕಲ್ಲಿನಷ್ಟು ಚುಚ್ಚುತ್ತದೆ. ಬೆನ್ನನ್ನು ಐದು ನಿಮಿಷ ನಿಧಾನವಾಗಿ ಸವರಿ, ಕೆಂಪಾದ ಜಾಗವನ್ನು ಮಾತ್ರ ಉಜ್ಜಬೇಡಿ. ಮಂಡಿಯಿಂದ ಕೆಳಗೆ ತಣ್ಣಗಿದ್ದರೆ ಕಾಲುಚೀಲ ಹಾಕಿ. ಕಕ್ಕಸಿಗೆ ಒಮ್ಮೆ ಕರೆದೊಯ್ಯಿರಿ ಅಥವಾ ಬೆಡ್‌ಪ್ಯಾನ್ ಕೊಡಿ. ನೋವಿದೆಯೇ ಎಂದು ಕೇಳಿ. ನಮ್ಮ ಹಿರಿಯರು, ಅದರಲ್ಲೂ ಹೆಂಗಸರು, ಕೇಳದೆ ಹೇಳುವುದಿಲ್ಲ. ನೋವಿನ ಮಾತ್ರೆ ಹತ್ತಕ್ಕೆ ಕೊಟ್ಟರೆ ನಿದ್ದೆ ಬರುತ್ತದೆ, ಒಂದು ಗಂಟೆಗೆ ನರಳಿದ ಮೇಲೆ ಕೊಟ್ಟರೆ ಆ ರಾತ್ರಿ ಕಳೆದಂತೆಯೇ.

ಮಲಗುವ ಭಂಗಿ ಕಾಯಿಲೆಗೆ ತಕ್ಕಂತೆ ಇರಲಿ. ಉಬ್ಬಸ, ಹೃದಯದ ತೊಂದರೆ ಇರುವವರಿಗೆ ತಲೆಯ ಕಡೆ ಎತ್ತರ ಬೇಕು. ಹೊಟ್ಟೆಯ ಆಪರೇಶನ್ ಆದವರಿಗೆ ಮಂಡಿಯ ಕೆಳಗೊಂದು ದಿಂಬು ಇಟ್ಟರೆ ಹೊಲಿಗೆಯ ಎಳೆತ ಕಡಿಮೆಯಾಗುತ್ತದೆ. ಸೊಂಟದ ಮೂಳೆ ಜೋಡಿಸಿದವರಿಗೆ ಎರಡು ಕಾಲುಗಳ ನಡುವೆ ದಿಂಬು. ಯಾವ ಮಗ್ಗುಲಿಗೆ ಮಲಗಬಾರದು ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಒಂದು ಲೋಟ ಬಿಸಿ ಹಾಲು ಹಲವರಿಗೆ ಹಿತ. ಕಿಡ್ನಿ ಅಥವಾ ಹೃದಯದ ಕಾಯಿಲೆಗೆ ನೀರಿನ ಮಿತಿ ಹಾಕಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಮರುದಿನ ಆಪರೇಶನ್ ಇದ್ದರೆ ಕೇಳದೆ ಏನೂ ಕೊಡಬೇಡಿ. ಚಹಾ, ಕಾಫಿ ಮಧ್ಯಾಹ್ನದ ನಂತರ ಬೇಡ. ಸಂಜೆ ಐದರ ಚಹಾದ ಅರ್ಧ ಕೆಫೀನ್ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ.

ಇಶಾ ನಮಾಝನ್ನೂ ಈ ಗಂಟೆಯೊಳಗೆ ಸೇರಿಸಿ. ಕುಳಿತು, ಅದೂ ಆಗದಿದ್ದರೆ ಮಲಗಿ ನಿರ್ವಹಿಸಲು ರೋಗಿಗೆ ಅನುಮತಿ ಇದೆ, ನೀರು ತಾಗಬಾರದವರಿಗೆ ತಯಮ್ಮುಮ್ ಇದೆ. ನಮಾಝ್ ಉಳಿದುಹೋಯಿತೆಂಬ ಚಡಪಡಿಕೆಯಲ್ಲಿ ಮಲಗಿದವರಿಗೆ ನಿದ್ದೆ ಬರುವುದಿಲ್ಲ. ಫಜ್ರ್‌ಗೆ ತಾನೇ ಎಬ್ಬಿಸುತ್ತೇನೆಂದು ಜತೆಗಿರುವವರು ಮಾತು ಕೊಟ್ಟರೆ ರೋಗಿ ನಾಲ್ಕು ಗಂಟೆಯಿಂದ ಗಡಿಯಾರ ನೋಡುತ್ತ ಮಲಗಬೇಕಾಗಿಲ್ಲ. ಇನ್ನೊಂದು ಕಾರಣವೂ ಇದೆ. ಮಾತ್ರೆಯ ಮಂಪರಿನಲ್ಲಿ ನಸುಕಿಗೆ ಎದ್ದು, ಯಾರನ್ನೂ ಎಬ್ಬಿಸದೆ, ವುಝೂ ಮಾಡಲು ಒದ್ದೆ ಬಚ್ಚಲಿಗೆ ಒಬ್ಬರೇ ಹೋದವರು ಜಾರಿ ಬಿದ್ದರೆ ಸೊಂಟದ ಮೂಳೆಯೇ ಮುರಿದೀತು.

ಎಬ್ಬಿಸಲೇಬೇಕಾದ ಸಂದರ್ಭಗಳು

ನಿದ್ದೆ ಕೆಡುತ್ತದೆಂದು ನರ್ಸ್‌ನ್ನು ತಡೆಯಬಾರದ ಸ್ಥಿತಿಗಳಿವೆ. ತಲೆಗೆ ಪೆಟ್ಟು ಬಿದ್ದವರನ್ನು ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸುವುದು ಮಿದುಳಿನಲ್ಲಿ ರಕ್ತಸ್ರಾವವಾಗುತ್ತಿದೆಯೇ ಎಂದು ತಿಳಿಯಲು. ಆಪರೇಶನ್ ಆದ ಮೊದಲ ರಾತ್ರಿ, ಹೆರಿಗೆಯಾದ ಮೊದಲ ಗಂಟೆಗಳು, ಸೋಂಕು ರಕ್ತಕ್ಕೆ ಸೇರಿದೆ ಎಂಬ ಸಂಶಯ, ಡೆಂಗ್ಯೂವಿನಲ್ಲಿ ಜ್ವರ ಬಿಡುವ ಹೊತ್ತು, ಇಲ್ಲೆಲ್ಲ ಪದೇ ಪದೇ ನೋಡಲೇಬೇಕು. ಅಲುಗಾಡಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನುಹುಣ್ಣಾಗುತ್ತದೆ. ಅದನ್ನು ಕೈಬಿಡುವಂತಿಲ್ಲ, ಮಂದ ಬೆಳಕಿನಲ್ಲಿ ಮಾತಿಲ್ಲದೆ ಮಾಡಬಹುದು ಅಷ್ಟೇ.

ಅಜ್ಜನಿಗೆ ರಾತ್ರಿ ಏನೋ ಆಗಿದೆ

ಇನ್ನು ಈ ಲೇಖನದಲ್ಲಿ ನೀವು ಮುಖ್ಯವಾಗಿ ಗಮನಿಸಬೇಕಾದ ವಿಷಯಕ್ಕೆ ಬರೋಣ. ಎಪ್ಪತ್ತೈದು ದಾಟಿದ ಒಬ್ಬರು ನ್ಯುಮೋನಿಯಾ ಎಂದು ದಾಖಲಾಗಿದ್ದಾರೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಎಲ್ಲರ ಹೆಸರು ಹಿಡಿದು ಕರೆಯುತ್ತಿದ್ದವರು, ಅಂಗಡಿಯ ಲೆಕ್ಕ ನೋಡುತ್ತಿದ್ದವರು. ಎರಡು ರಾತ್ರಿ ನಿದ್ದೆಯಿಲ್ಲ. ಮೂರನೇ ರಾತ್ರಿ ಹಠಾತ್ತನೆ ಎದ್ದು ಕುಳಿತು ಗ್ಲೂಕೋಸ್ ಸೂಜಿ ಕೀಳುತ್ತಾರೆ. ಮೂಲೆಯಲ್ಲಿ ಯಾರೋ ನಿಂತಿದ್ದಾರೆ ಎನ್ನುತ್ತಾರೆ. ತೀರಿಹೋದ ತಮ್ಮನ ಜತೆ ಮಾತಾಡುತ್ತಾರೆ. ಮಗಳನ್ನು ಗುರುತಿಸುವುದಿಲ್ಲ. ಬೆಳಿಗ್ಗೆ ನೋಡಿದರೆ ಮತ್ತೆ ಸರಿಯಾಗಿರುತ್ತಾರೆ, ಸಂಜೆಯಾದಂತೆ ಪುನಃ ಶುರು.

ಇದಕ್ಕೆ ನಮ್ಮ ಹಿರಿಯರು ಸನ್ನಿ ಎಂದರು, ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಇದು ಹುಚ್ಚಲ್ಲ, ಹಠವಲ್ಲ. ಕೆಲವು ಮನೆಗಳಲ್ಲಿ ಜಿನ್ನ್‌ನ ಮಾತು ಬರುತ್ತದೆ, ಯಾರನ್ನಾದರೂ ಕರೆಸಿ ಊದಿಸೋಣ ಎನ್ನುತ್ತಾರೆ. ದುಆ ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಬೆಳಗಾಗಲಿ ಎಂದು ಕಾಯದೆ ಆ ಗಂಟೆಯೇ ನರ್ಸ್‌ಗೆ ತಿಳಿಸಿ. ಏಕೆಂದರೆ ಸನ್ನಿ ಎಂಬುದು ದೇಹದೊಳಗೆ ಏನೋ ಕೆಟ್ಟಿದೆ ಎಂಬ ಸೂಚನೆ. ಹೊಸ ಸೋಂಕು, ಆಮ್ಲಜನಕದ ಕೊರತೆ, ಸೋಡಿಯಂ ಇಳಿದಿರುವುದು, ಸಕ್ಕರೆ ಕುಸಿದಿರುವುದು, ಮೂತ್ರ ಕಟ್ಟಿರುವುದು, ನಾಲ್ಕು ದಿನದ ಮಲಬದ್ಧತೆ, ಹೊಸ ಮಾತ್ರೆ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ನಿದ್ದೆಗೇಡು ಇವಕ್ಕೆಲ್ಲ ತುಪ್ಪ ಸುರಿಯುತ್ತದೆ. ಕೂಗಾಡದೆ, ಕರೆದರೂ ಓಗೊಡದೆ ಮಂಕಾಗಿ ಮಲಗಿರುವ ಸನ್ನಿಯೂ ಇದೆ. "ಪಾಪ, ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ" ಎಂದು ಎಲ್ಲರೂ ಮೋಸಹೋಗುವುದು ಇಲ್ಲಿಯೇ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶರೋನ್ ಇನೌಯೆ ಮತ್ತು ಸಂಗಡಿಗರು 70 ದಾಟಿದ 852 ರೋಗಿಗಳ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅವರು ಹೊಸ ಔಷಧಿ ಕಂಡುಹಿಡಿದಿರಲಿಲ್ಲ. ರಾತ್ರಿ ಸದ್ದು ತಗ್ಗಿಸಿ ಬಿಸಿ ಪಾನೀಯ, ಬೆನ್ನು ಸವರುವಿಕೆ, ಹಗಲು ನಡೆದಾಡಿಸುವುದು, ಸಾಕಷ್ಟು ನೀರು, ಕನ್ನಡಕ ಮತ್ತು ಕಿವಿಯ ಯಂತ್ರ ಕೈಗೆಟುಕುವಂತಿಡುವುದು, ಇಂದು ಯಾವ ದಿನ ಎಂದು ನೆನಪಿಸುವುದು, ಇಷ್ಟೇ. ಸಾಮಾನ್ಯ ಆರೈಕೆಯಲ್ಲಿ ನೂರರಲ್ಲಿ 15 ಮಂದಿಗೆ ಸನ್ನಿ ಬಂದರೆ, ಈ ಕ್ರಮಗಳಿದ್ದ ಕಡೆ ಸುಮಾರು 10 ಮಂದಿಗೆ ಬಂತು. ಅದಕ್ಕೂ ಒಂದು ವರ್ಷ ಮೊದಲು ಪ್ರಕಟವಾದ ಇನ್ನೊಂದು ವರದಿಯಲ್ಲಿ ಬೆನ್ನು ಸವರುವುದು, ಬಿಸಿ ಪಾನೀಯ, ಹಿತವಾದ ಧ್ವನಿಮುದ್ರಣ ಇವನ್ನು ಮೊದಲು ಕೊಟ್ಟು ನೋಡಿದಾಗ ನಿದ್ರೆಮಾತ್ರೆಯ ಬಳಕೆ ನೂರಕ್ಕೆ 54ರಿಂದ 31ಕ್ಕೆ ಇಳಿಯಿತು.

ಸನ್ನಿಯಲ್ಲಿರುವವರೊಡನೆ ವಾದಿಸಬೇಡಿ. "ಅಲ್ಲಿ ಯಾರೂ ಇಲ್ಲ, ಸುಮ್ಮನೆ ಮಲಗಿ" ಎಂದು ಗದರಿದರೆ ಭಯ ಹೆಚ್ಚುತ್ತದೆ. ಕೈ ಹಿಡಿದುಕೊಂಡು, "ಬಾಪಾ, ನಾನು ಇಲ್ಲಿದ್ದೇನೆ, ನಾವು ಆಸ್ಪತ್ರೆಯಲ್ಲಿದ್ದೇವೆ, ಈಗ ರಾತ್ರಿ ಎರಡು ಗಂಟೆ" ಎಂದು ಚಿಕ್ಕ ಮಾತಿನಲ್ಲಿ, ಅವರ ಮನೆಮಾತಿನಲ್ಲೇ ಹೇಳಿ. ಕನ್ನಡಕ ಹಾಕಿ, ಸಣ್ಣ ದೀಪ ಉರಿಯಲಿ. ಕೈಕಾಲು ಕಟ್ಟಿಹಾಕುವುದು ಆದಷ್ಟು ಮಟ್ಟಿಗೆ ಬೇಡ, ಬಿಡಿಸಿಕೊಳ್ಳುವ ಹೋರಾಟದಲ್ಲೇ ಪೆಟ್ಟಾಗುತ್ತದೆ. ಪರಿಚಿತ ಮುಖವೊಂದು ಪಕ್ಕದಲ್ಲಿದ್ದರೆ ಕಟ್ಟುವ ಅಗತ್ಯವೇ ಬಾರದೆ ಇರಬಹುದು.

ಹಗಲು ಹೇಗಿದೆಯೋ ರಾತ್ರಿ ಹಾಗೆ

ಬೇಸರಕ್ಕೆ ಹಗಲಿಡೀ ತೂಕಡಿಸಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಪರದೆ ಸರಿಸಿ ಬಿಸಿಲು ಬೀಳಲಿ. ವೈದ್ಯರು ಒಪ್ಪಿದರೆ ಊಟಕ್ಕೆ ಹಾಸಿಗೆಯಿಂದಿಳಿಸಿ ಕುರ್ಚಿಯಲ್ಲಿ ಕೂರಿಸಿ, ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ನಡೆಸಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಸಾಕು, ಅದೂ ಮೂರರೊಳಗೆ.

ರೋಗಿಯನ್ನು ಸಂದರ್ಶಿಸುವುದು ನಮ್ಮಲ್ಲಿ ದೊಡ್ಡ ಪುಣ್ಯದ ಕೆಲಸ. ಆದರೆ ಅದು ರೋಗಿಗೆ ಸಮಾಧಾನ ಕೊಡಲು. ಮದುವೆ ಮನೆಯಿಂದ ಬಂದಂತೆ ಹತ್ತು ಮಂದಿ ಬಂದು, ಇಬ್ಬರು ಹಾಸಿಗೆಯ ಮೇಲೇ ಕುಳಿತು, ರಾತ್ರಿ ಒಂಬತ್ತರವರೆಗೆ ಕಾಯಿಲೆಯ ಕತೆಯನ್ನು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿಸಿದರೆ ರೋಗಿ ಹೈರಾಣಾಗುತ್ತಾರೆ. ಸಂಜೆ ಬನ್ನಿ, ಹತ್ತು ನಿಮಿಷ ಇರಿ, ದುಆ ಮಾಡಿ ಹೊರಡಿ. ರಮಝಾನ್‌ನಲ್ಲಿ ಜತೆಗಿರುವವರು ಸಹರಿಗೆ ಇಡುವ ಅಲಾರ್ಮ್ ಇಡೀ ವಾರ್ಡನ್ನು ಎಬ್ಬಿಸುತ್ತದೆ. ಫೋನನ್ನು ವೈಬ್ರೇಟ್‌ಗೆ ಹಾಕಿ ದಿಂಬಿನಡಿ ಇಟ್ಟುಕೊಳ್ಳಿ, ಬುತ್ತಿಯನ್ನು ಹೊರಗೆ ಹೋಗಿ ಬಿಚ್ಚಿ. ಪಕ್ಕದ ಹಾಸಿಗೆಯವರಿಗೆ ಅದು ಉಪಕಾರ.

ಜತೆಗಿರುವವರ ನಿದ್ದೆಯ ಬಗ್ಗೆಯೂ ಒಂದು ಮಾತು. ಹೆಚ್ಚಿನ ಮನೆಗಳಲ್ಲಿ ಮಗಳೋ ಸೊಸೆಯೋ ಎಂಟು ರಾತ್ರಿ ನೆಲದ ಮೇಲೆ ಚಾಪೆ ಹಾಸಿಕೊಂಡು ಕಳೆಯುತ್ತಾಳೆ, ಗಂಡಸರು ಬಿಲ್ಲು ಕಟ್ಟಿ ಮನೆಗೆ ಹೋಗುತ್ತಾರೆ. ನಿದ್ದೆಯಿಲ್ಲದವರು ಮಾತ್ರೆ ಅದಲು ಬದಲು ಮಾಡುತ್ತಾರೆ, ರೋಗಿ ಎದ್ದದ್ದು ಅವರಿಗೆ ತಿಳಿಯುವುದಿಲ್ಲ. ಎರಡು ರಾತ್ರಿಗೊಮ್ಮೆ ಆಳು ಬದಲಾಗಲಿ. ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿಲ್ಲ ಎಂದಾದರೆ ಹಗಲು ಮನೆಯ ಕೆಲಸವನ್ನಾದರೂ ಅವರು ವಹಿಸಿಕೊಳ್ಳಲಿ.

ನಿದ್ರೆಮಾತ್ರೆ

"ಒಂದು ಮಾತ್ರೆ ಕೊಟ್ಟುಬಿಡಿ ಸಿಸ್ಟರ್" ಎಂದು ಕೇಳುವುದು ಸುಲಭ. ಕೆಲವು ರೋಗಿಗಳಿಗೆ, ಕೆಲವು ದಿನಗಳ ಮಟ್ಟಿಗೆ ಅದು ಬೇಕಾಗುತ್ತದೆ, ನಿರ್ಧಾರ ವೈದ್ಯರದ್ದು. ಆದರೆ ಡಯಾಜೆಪಾಂ, ಅಲ್ಪ್ರಜೋಲಾಂ ಜಾತಿಯ ಮಾತ್ರೆಗಳು ವೃದ್ಧರಲ್ಲಿ ಬೀಳುವ ಅಪಾಯವನ್ನೂ ಸನ್ನಿಯನ್ನೂ ಹೆಚ್ಚಿಸುತ್ತವೆ. ನಿದ್ದೆ ಬರಲೆಂದು ಶೀತದ ಮಾತ್ರೆ ನುಂಗಿಸುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು. ರೋಗಿ ಮನೆಯಲ್ಲಿ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಮತ್ತೆ ಬೆಚ್ಚಿ ಉಸಿರೆಳೆದುಕೊಳ್ಳುವವರಾಗಿದ್ದರೆ ಅದನ್ನು ಆಪರೇಶನ್‌ಗೆ ಮೊದಲೇ ಹೇಳಿಬಿಡಿ. ಅಂಥವರಿಗೆ ನಿದ್ರೆಮಾತ್ರೆಯೂ ಮಾರ್ಫಿನ್‌ನಂತಹ ನೋವಿನ ಔಷಧಿಯೂ ಸೇರಿದರೆ ಉಸಿರಾಟವೇ ಕುಂದಬಹುದು. ಮನೆಯಲ್ಲಿ ಸಿಪ್ಯಾಪ್ ಯಂತ್ರ ಬಳಸುತ್ತಿದ್ದರೆ ಅದನ್ನೂ ಆಸ್ಪತ್ರೆಗೆ ತನ್ನಿ. ವರ್ಷಗಳಿಂದ ನಿದ್ರೆಮಾತ್ರೆ ತೆಗೆದುಕೊಳ್ಳುತ್ತಿದ್ದವರು ಅದನ್ನು ನಾಚಿಕೆಯಿಂದ ಮುಚ್ಚಿಡಬಾರದು. ಒಮ್ಮೆಲೇ ನಿಂತರೆ ನಡುಕ, ಗಲಿಬಿಲಿ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ.

ಬಿಡುಗಡೆಯ ದಿನ ಚೀಟಿಯನ್ನು ಗಮನವಿಟ್ಟು ನೋಡಿ. ಆಸ್ಪತ್ರೆಯ ಗದ್ದಲಕ್ಕಾಗಿ ಶುರುಮಾಡಿದ ನಿದ್ರೆಮಾತ್ರೆ ಆ ಪಟ್ಟಿಯಲ್ಲಿ ಹಾಗೆಯೇ ಉಳಿದು, ತಿಂಗಳುಗಟ್ಟಲೆ ಅಂಗಡಿಯಿಂದ ಬರುತ್ತಲೇ ಇರುವುದುಂಟು. "ಇದು ಎಷ್ಟು ದಿನಕ್ಕೆ? ನಿಲ್ಲಿಸುವುದು ಹೇಗೆ?" ಎಂದು ಅಲ್ಲಿಯೇ ಕೇಳಿ, ಉತ್ತರವನ್ನು ಅದೇ ಚೀಟಿಯ ಮೇಲೆ ಬರೆಸಿಕೊಳ್ಳಿ.